ನನ್ನ ಫೋನು ಮಾಡಿದ ಮಧ್ಯಸ್ಥಿಕೆ

ಹಾನಗಲ್ಲಿನ ಅಕ್ಕಾರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದಕ್ಕಿಂತ ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆ ಕಿಚ್ಚು ಇಲ್ಲದಿದ್ದರೆ ಈ ಗದ್ದಲವೇ ಆಗುತ್ತಿರಲಿಲ್ಲ. ನಾನು ಶಿಗ್ಗಾಂವಿಯಲ್ಲಿದ್ದುಕೊಂಡು ಕನ್ಯಾ-ವರ ಹೊಂದಿಸುವ ಕೆಲಸ ಮಾಡುತ್ತೇನೆ. ಅವರು ಹಾನಗಲ್ಲಿನಲ್ಲಿದ್ದುಕೊಂಡು ಅದನ್ನೇ ಮಾಡುತ್ತಾರೆ. ಇಬ್ಬರೂ ತಿರುಗುವುದು ಅವೇ ನಾಲ್ಕು ತಾಲೂಕು. ನಾನು ಬಸ್ಸು ಹತ್ತಿ, ಬಿಸಿಲು ಕುಡಿದು, ಹತ್ತು ಮನೆಯ ಚಹಾ ಕುಡಿದು ಒಂದು ಸಂಬಂಧ ಕೂಡಿಸುವಷ್ಟರಲ್ಲಿ ಅವರು ಮನೆಯ ಪಡಸಾಲೆಯಲ್ಲಿ ಕೂತೇ ಎರಡು ಕೂಡಿಸಿರುತ್ತಿದ್ದರು. ಅದೂ ಹೋಗಲಿ ಅನ್ನಿ. ನಾನು ಹೋದ ಮನೆಗಳಲ್ಲಿ, "ಹಾನಗಲ್ ಅಕ್ಕಾರನ್ನೂ ಒಂದ್ ಮಾತು ಕೇಳಿ ನೋಡ್ತೇವ್ರಿ" ಅನ್ನುವವರು. ಅದೂ ನನ್ನ ಎದುರಿಗೇ, ನಾನು ತಂದ ವರನ ಫೋಟೊ ಕೈಯಲ್ಲಿ ಹಿಡಿದುಕೊಂಡೇ!

ಅವರದೊಂದು ಪುಟ ಇತ್ತು, ಫೋಟೊ ವಿಡಿಯೊ ಹಾಕುವ ಒಂದು ಆ್ಯಪಿನಲ್ಲಿ. ಹುಡುಗ ಹುಡುಗಿಯ ಫೋಟೊ ಒಂದೂ ಅದರಲ್ಲಿ ಇರುತ್ತಿರಲಿಲ್ಲ. ಕನ್ಯಾ ನೋಡಲು ಹೋದಾಗ ಏನು ಕೇಳಬೇಕು, ಏನು ಕೇಳಬಾರದು, ಬೀಗರ ಹತ್ತಿರ ಮಾತು ಹೇಗಿರಬೇಕು, ಇಂಥವನ್ನೇ ನಗುನಗುತ್ತ ಹೇಳುತ್ತಿದ್ದರು. ನೋಡುವವರು ಸಾವಿರಗಟ್ಟಲೆ ಮಂದಿ. ಬಂಕಾಪುರದ ಮನೆಯೊಂದರಲ್ಲಿ ಒಬ್ಬ ತಾಯಿ ನನ್ನನ್ನು ಕೂರಿಸಿಕೊಂಡು, "ನೋಡ್ರಿ, ಎಷ್ಟ್ ಚಂದ ಹೇಳ್ತಾರ" ಅಂತ ಒಂದಾದ ಮೇಲೊಂದು ನಾಲ್ಕು ವಿಡಿಯೊ ತೋರಿಸಿದಳು. ನಾನು ಹಲ್ಲು ಕಚ್ಚಿಕೊಂಡು ನಾಲ್ಕನ್ನೂ ನೋಡಿದೆ.

ಅದೇ ದಿನ ಶಿಗ್ಗಾಂವಿಯ ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತು ಆ ಆ್ಯಪನ್ನು ನಾನೂ ಹಾಕಿಕೊಂಡೆ. ಅದು ಒಂದೊಂದಾಗಿ ಕೇಳುತ್ತ ಹೋಯಿತು. ನಿಮ್ಮ ಫೋನಿನಲ್ಲಿರುವ ಸಂಪರ್ಕಗಳನ್ನು ನೋಡಬಹುದೇ, ನೋಡಿದರೆ ಪರಿಚಿತರು ನಿಮ್ಮನ್ನು ಬೇಗ ಹುಡುಕುತ್ತಾರೆ ಅಂದಿತು. ಅನುಮತಿಸಿ ಅಂತ ಒತ್ತಿದೆ. ನೀವು ಎಲ್ಲಿದ್ದೀರಿ ಎಂದು ತಿಳಿಯಬಹುದೇ ಅಂದಿತು. ಅದಕ್ಕೂ ಒತ್ತಿದೆ. ಹುಡುಕಲಿ ಬಿಡು, ಮಂದಿ ಹುಡುಕಿಕೊಂಡು ಬರಲಿ ಅಂತಲೇ ತಾನೇ ನಾನು ಹಾಕಿಕೊಂಡದ್ದು! ಬೀಗರು ಬಂದಾಗ ಬಾಗಿಲು ತೆಗೆದ ಹಾಗೆ ಎಲ್ಲವನ್ನೂ ತೆಗೆದಿಟ್ಟೆ. ಅಕ್ಕಾರಿಗಿಂತ ಹೆಚ್ಚು ಮಂದಿ ನನ್ನ ಹಿಂದೆ ಬೀಳಬೇಕು ಅನ್ನುವುದೊಂದೇ ಆಗ ತಲೆಯಲ್ಲಿತ್ತು.

ನನ್ನ ಫೋನಿನಲ್ಲಿದ್ದ ಹೆಸರುಗಳ ಬಗ್ಗೆ ಇಲ್ಲಿ ಹೇಳಬೇಕು. ನಮ್ಮ ಕೆಲಸದಲ್ಲಿ ಬರೀ ಹೆಸರು ಬರೆದುಕೊಂಡರೆ ಯಾರು ಯಾರೆಂಬುದೇ ತಿಳಿಯುವುದಿಲ್ಲ. ಅದಕ್ಕೆ ನಾನು ನಂಬರಿನ ಮುಂದೆಯೇ ಜಾತಕದಷ್ಟು ಬರೆದಿಡುತ್ತಿದ್ದೆ. 'ಕನ್ಯಾ ಸವಣೂರ ಬಿಎಡ್ 3 ಕಡೆ ಆಗಿಲ್ಲ'. 'ವರ ಗೊಟಗೋಡಿ ಹತ್ರ ಹೊಲ ಐತಿ ಮಾತು ಕಡಿಮಿ'. 'ವರ ಹಾನಗಲ್ ಕಿರಾಣಿ ತಾಯಿ ಒಲ್ಲೆ ಅಂತಾಳ'. ಫೋನು ಬಂದ ಕೂಡಲೇ ಎಲ್ಲ ಕಣ್ಣ ಮುಂದೆ ಬರಬೇಕು, ಎತ್ತಿ ಮಾತಾಡಬೇಕು. ಈ ಉಪಾಯ ಅಕ್ಕಾರಿಗೆ ಗೊತ್ತಿಲ್ಲ ಅಂತ ನನಗೆ ಒಳಗೊಳಗೇ ಜಂಬವೂ ಇತ್ತು.

ಆ ಸವಣೂರಿನ ಬಿಎಡ್ ಕನ್ಯೆಯದೇ ಈ ಕಥೆ. ತಂದೆ ಎಲೆತೋಟದವರು, ಮಗಳು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಮೂರು ಕಡೆಯವರನ್ನು ಕರೆದುಕೊಂಡು ಹೋಗಿದ್ದೆ. ಒಂದು ಕಡೆ ಜಾತಕ ಕೂಡಲಿಲ್ಲ. ಒಂದು ಕಡೆ ತಾಯಿ ಒಪ್ಪಲಿಲ್ಲ. ಗೊಟಗೋಡಿಯ ಹುಡುಗ ಒಪ್ಪಿದ್ದ, ಆದರೆ ನೌಕರಿ ಬಿಡಬೇಕು ಅಂದದ್ದಕ್ಕೆ ಹುಡುಗಿಯೇ ಒಲ್ಲೆ ಅಂದಳು. ನಾಲ್ಕನೆಯದಾಗಿ ಹಿರೇಕೆರೂರಿನ ವರನನ್ನು ತಂದೆ. ಮೆಕ್ಕೆಜೋಳ, ಹತ್ತಿಯ ದಲಾಲಿ ಅಂಗಡಿಯ ಮನೆತನ. ಆ ಮನೆಯಲ್ಲಿ ನಾನು ಹೇಳಿದ್ದು, "ನೀವ ಮೊದಲನೇದವ್ರು ನೋಡ್ರಿ. ಆ ಹುಡುಗಿನ್ನ ಇನ್ನೂ ಯಾರಿಗೂ ತೋರಿಸಿಲ್ಲ." ಇದು ನಮ್ಮ ಕೆಲಸದ ಪದ್ಧತಿ. ಎಲ್ಲರಿಗೂ ಇದನ್ನೇ ಹೇಳುತ್ತೇವೆ. ಅವರೂ ಪೂರ್ತಿ ನಂಬುವುದಿಲ್ಲ, ಆದರೆ ಕೇಳಲು ಹಿತವಾಗಿರುತ್ತದೆ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದರು, ಸೀರೆ ಉಡಿಸಿ ಉಡಿ ತುಂಬಿದರು, ಉಂಗುರ ಹಾಕಿದರು. ಆ್ಯಪಿನಲ್ಲಿ ನಾನು ಹಾಕಿದ ನಿಶ್ಚಯದ ಫೋಟೊ ನೋಡಿ ಅಕ್ಕಾರು ಎಷ್ಟು ಉರಿದುಕೊಂಡಿರಬೇಕು ಅಂತ ಯೋಚಿಸಿ ನಾನು ಒಬ್ಬನೇ ನಕ್ಕೆ.

ನಿಶ್ಚಯವಾಗಿ ಹತ್ತು ಹನ್ನೊಂದು ದಿನ ಆಗಿರಬೇಕು. ಹಿರೇಕೆರೂರಿನಿಂದ ವರನ ತಂದೆಯ ಫೋನು ಬಂತು.

"ಏನ್ರೀ ಯಜಮಾನ್ರ, ಗೊಟಗೋಡಿ ಹುಡುಗ ಯಾವನ್ರೀ ಅಂವ?"

ಯಾವ ಗೊಟಗೋಡಿ, ಯಾವ ಹುಡುಗ ಅಂತ ತಡವರಿಸಿದೆ.

"ನಿಮ್ಮ ಕನ್ಯಾನ ಜೋಡಿ ಆ ಫೋಟೊ ಆ್ಯಪಿನ್ಯಾಗ ಗೆಳೆತನ ಐತಿ ಅವಂದು. ನಮ್ಮ ಮಗಳು ಕೇಳಿದ್ರ, ಹೋದ ವರ್ಷ ಕನ್ಯಾ ನೋಡಾಕ ಹೋಗಿದ್ವಿ ಅಂತ ಬರದಾನ. ನೀವ ಮೊದಲನೇದವ್ರು ಅಂದಿದ್ರಲ್ರಿ? ಸಂಬಂಧ ಮುರದ್ರೂ ಹುಡುಗಿ ಅವನ ಜೋಡಿ ಯಾಕ ಮಾತಾಡಾಕತ್ತಾಳ? ನೋಡ್ರಿ, ಆಕಿ ಫೋನು ಒಮ್ಮೆ ನಮ್ಮ ಮಗಳ ಕೈಯಾಗ ಕೊಡ್ಲಿ. ಎಲ್ಲಾ ನೋಡ್ಲಿ. ಇಲ್ಲಾಂದ್ರ ಉಂಗುರ ವಾಪಸ್ ಕಳಸ್ರಿ."

ಫೋನು ಇಟ್ಟ ಮೇಲೆ ನನ್ನ ತಲೆಗೆ ಹೊಳೆದದ್ದು ಒಂದೇ ಹೆಸರು. ಯಾವ ಹುಡುಗ ಯಾವ ಮನೆಗೆ ಹೋಗಿದ್ದ ಎನ್ನುವುದು ನಾಲ್ಕು ತಾಲೂಕಿನಲ್ಲಿ ನನಗೆ ಬಿಟ್ಟರೆ ಗೊತ್ತಿರುವುದು ಇನ್ನೊಬ್ಬರಿಗೆ ಮಾತ್ರ. ಸವಣೂರಿಗೆ ಹೊರಡುವ ಮೊದಲೇ ಹುಡುಗಿಯ ತಂದೆಗೆ ಫೋನು ಮಾಡಿ, "ಇದು ಹಾನಗಲ್ ಅಕ್ಕಾರ ಕೆಲಸ್ರಿ. ನನ್ನ ಸಂಬಂಧ ಕೆಡಸಾಕ ಹಿಂಗ ಮಾಡ್ಯಾರ" ಅಂದೆ. ಆಣೆ ಹಾಕಿ ಅಂದೆ. ಅಂದು ಮುಗಿಸಿದಾಗ ಮನಸ್ಸು ಹಗುರವೂ ಆಯಿತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಸವಣೂರಿನ ಮನೆಯಲ್ಲಿ ತಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. "ಫೋನು ತೋರಿಸಿಬಿಡವಾ, ಅದರಾಗ ಏನೈತಿ" ಅಂತ ಮಗಳಿಗೆ ಬೆಳಗಿನಿಂದ ಹೇಳುತ್ತಿದ್ದರಂತೆ. ಅವಳು ಶಾಲೆಯಿಂದ ಆಗಷ್ಟೇ ಬಂದಿದ್ದಳು, ಬಳಪದ ಪುಡಿ ಇನ್ನೂ ಸೀರೆಯ ಅಂಚಿನಲ್ಲಿತ್ತು.

"ಏನೂ ಇಲ್ಲಪ್ಪ ಅದರಾಗ. ಏನೂ ಇಲ್ಲಂತನ ಕೊಡಂಗಿಲ್ಲ. ಇವತ್ತು ಫೋನು ಕೊಟ್ರ ನಾಳೆ ಏನು ಕೇಳ್ತಾರ?" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಕಾಕಾರ, ನಿಮಗ ನಾನ ತೋರಸ್ತೇನಿ, ಬರ್ರಿ ಇಲ್ಲೆ."

ತೋರಿಸಿದ್ದು ಆ ಆ್ಯಪಿನ ಒಂದು ಸಾಲು. 'ನಿಮಗೆ ಪರಿಚಯ ಇರಬಹುದಾದವರು' ಅಂತ ಮೇಲೆ ಬರೆದಿತ್ತು. ಕೆಳಗೆ ಸಣ್ಣ ಸಣ್ಣ ಮುಖಗಳು. ಒಂದು ಗೊಟಗೋಡಿಯ ಹುಡುಗ. ಅವನ ಪಕ್ಕದಲ್ಲಿ ಹಿರೇಕೆರೂರಿನ ವರನ ತಂಗಿ. ಅದರ ಪಕ್ಕ ಜಾತಕ ಕೂಡದ ವರ.

"ನಿಶ್ಚಯ ಆದ ವಾರ ಇವರೆಲ್ಲಾ ಒಮ್ಮಿಗೆ ಬಂದ್ರು. ನಾನು ಗೊಟಗೋಡಿಯವರ ಮಾರಿ ಸರಿ ನೆನಪಿಟ್ಟಿರ್ಲಿಲ್ರಿ, ಒಂದ್ ಸಲ ತಲಿ ಬಗ್ಗಿಸಿ ಚಹಾ ಕೊಟ್ಟದ್ದಷ್ಟ. ವರನ ತಂಗಿ ಬಾಜೂಕನ ಇದ್ದಾರಂತ, ಇವರೂ ಬೀಗರ ಕಡೆಯವರು ಅನಕೊಂಡು ಹೂಂ ಅಂದೆ." ಫೋನು ಕೆಳಗಿಟ್ಟು ಅಂದಳು, "ಇವರನ್ನೆಲ್ಲಾ ನಮ್ಮ ಮನಿಗೆ ಕರಕೊಂಡು ಬಂದವ್ರು ನೀವೊಬ್ರ ಅಲ್ರಿ ಕಾಕಾರ?"

ಏನೋ ಒಂದು ಕೆಟ್ಟ ವಾಸನೆ ನನ್ನ ಕಡೆಯಿಂದಲೇ ಬರುತ್ತಿದೆ ಅಂತ ಆಗಲೇ ಅನಿಸಿತು. ಆದರೆ ಒಪ್ಪಿಕೊಳ್ಳುವುದೆಂದರೆ ಅಷ್ಟು ಸುಲಭವೇ? ಹೊರಗೆ ಬಂದು ಆ ಆ್ಯಪನ್ನೇ ಫೋನಿನಿಂದ ಕಿತ್ತು ಹಾಕಿದೆ. ಇನ್ನು ಮುಗಿಯಿತು ಅಂದುಕೊಂಡೆ. ಎರಡು ದಿನಕ್ಕೆ ಹುಡುಗಿ ಮತ್ತೆ ಫೋನು ಮಾಡಿದಳು. "ಇನ್ನೊಬ್ರು ಬಂದಾರ್ರಿ ಕಾಕಾರ. ಹಾನಗಲ್ ಕಿರಾಣಿ ಅಂಗಡಿಯವರು." ನನ್ನ ಕಿವಿಗೆ ಕಿರಾಣಿ ಬೀಳಲೇ ಇಲ್ಲ, ಹಾನಗಲ್ ಒಂದೇ ಬಿತ್ತು. ನೋಡಿದೆಯಾ, ನನ್ನ ಆ್ಯಪು ಹೋದರೂ ಇವರ ಆಟ ನಿಂತಿಲ್ಲ! ಸಿಟ್ಟಿನಲ್ಲಿ ಹಾನಗಲ್ಲಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನೇನು ಬೈಯಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಅಕ್ಕಾರು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. "ಬರ್ರಿ ಅಣ್ಣಾರ, ಕುಂಡ್ರಿ. ನೀವು ಬರ್ತೀರಿ ಅಂತ ಗೊತ್ತಿತ್ತು. ಸವಣೂರಿಂದ ಯಜಮಾನ್ರು ಫೋನು ಮಾಡಿ ನನಗ ಬೈದ್ರು" ಅಂದರು. ಜೋಡಿಸಿಕೊಂಡು ಬಂದ ಬೈಗುಳದ ಮೊದಲ ಮಾತೇ ನನಗೆ ಮರೆತುಹೋಯಿತು. ಆದರೂ ಸಿಕ್ಕಷ್ಟು ಅಂದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಕೇಳಿ, ಮುಗಿದ ಮೇಲೆ ಮೊರ ಪಕ್ಕಕ್ಕಿಟ್ಟು ಕೈ ಚಾಚಿದರು.

"ಎಲ್ಲಿ, ನಿಮ್ಮ ಫೋನು ಕೊಡ್ರಿ ನೋಡೂಣು. ಬ್ಯಾಡ ಅಂದ್ರ ನೀವ ಹಿಡಕೋರಿ, ನಾ ಹೇಳ್ತೇನಿ."

ಅವರ ಕೈಗೇ ಕೊಟ್ಟೆ. ಅಲ್ಲಿ ಏನಿದೆಯೆಂದು ನೆನಪಿದ್ದರೆ ಕೊಡುತ್ತಿರಲಿಲ್ಲ. ಆ್ಯಪು ತೆಗೆದು ಹಾಕಿದ್ದೇನೆ ಅಂತ ಹೇಳಿದೆ. "ಅದು ನಿಮ್ಮ ಫೋನಿಂದ ಹೋಗೈತಿ. ನೀವು ಕೊಟ್ಟದ್ದು ಆ ಕಂಪನಿ ಹತ್ರ ಹಂಗ ಐತಿ" ಅಂದರು. ಅದನ್ನು ಮತ್ತೆ ಹಾಕಬೇಕಾಯಿತು. ಗುಪ್ತಪದ ನನಗೆ ನೆನಪಿರಲಿಲ್ಲ. ಒಟಿಪಿ ಬಂತು, ತಪ್ಪು ಒತ್ತಿದೆ, ಮತ್ತೆ ಬಂತು. ಒಳಗೆ ಹೋದ ಮೇಲೆ ಅವರು ಸೆಟ್ಟಿಂಗಿನ ಒಳಗಿನ ಒಳಗೆ, ನಾನು ಒಂದು ಜನ್ಮದಲ್ಲಿ ಹುಡುಕಲಾರದ ಮೂಲೆಗೆ ಹೋಗಿ ಒಂದು ಪಟ್ಟಿ ತೆರೆದರು. ನೀವು ಕಳಿಸಿದ ಸಂಪರ್ಕಗಳು ಅಂತ ಇತ್ತು. ಅದರ ಕೆಳಗೆ ನನ್ನ ಕನ್ಯೆಯರು, ನನ್ನ ವರರು, ನಾನು ಬರೆದ ಬರಹ, ಒಂದಕ್ಷರ ಬಿಡದೆ.

"ನಿಮ್ಮ ಫೋನಿನ್ಯಾಗ ಇವರೆಲ್ಲಾ ಅದಾರ. ಇವರ ಫೋನಿನ್ಯಾಗ ನೀವು ಅದೀರಿ. ಪೂರಾ ಲೆಕ್ಕ ಆ ಕಂಪನಿಯವರು ಯಾರಿಗೂ ಹೇಳಂಗಿಲ್ಲ. ಆದ್ರ ನಡುವ ಒಬ್ಬನ ಮನಿಷಾ ಇದ್ದಾನಂದ್ರ ಈ ಕಡೆಯವರಿಗೂ ಆ ಕಡೆಯವರಿಗೂ ಪರಿಚಯ ಇರಬೇಕು ಅಂತ ಅದು ಗಂಟು ಹಾಕ್ತೈತಿ. ನಮ್ಮಿಬ್ಬರಿಗಿಂತ ಚಲೋ ಮಧ್ಯಸ್ಥರ್ರಿ ಅದು. ಒಂದ ವಾರದಾಗ ನಾಲ್ಕು ಮನಿ ಕೂಡಿಸೇತಿ" ಅಂದರು.

ನನಗೆ ಆ ಹೊತ್ತಿನಲ್ಲೂ ಆ ಆ್ಯಪಿನ ಮೇಲೆ ಒಂದು ಕ್ಷಣ ಹೊಟ್ಟೆ ಉರಿಯಿತು ಅಂದರೆ ನಂಬುತ್ತೀರಾ? ನಾನು ವರ್ಷಗಟ್ಟಲೆ ಬಸ್ಸು ಹತ್ತಿ ಇಳಿದು ಕಲಿತದ್ದನ್ನು ಅದು ಕೂತಲ್ಲೇ ಮಾಡಿತ್ತು. ಅಷ್ಟರಲ್ಲಿ ಅಕ್ಕಾರ ಬೆರಳು ಪಟ್ಟಿಯ ಕೆಳಗೆ ಬಂದು ನಿಂತಿತು. ನಾನೂ ಬಗ್ಗಿ ನೋಡಿದೆ. 'ಹಾನಗಲ್ ಮಾಟಗಾತಿ' ಅಂತ ಇತ್ತು.

"ಇದ್ಯಾರ್ರೀ ಅಣ್ಣಾರ? ನಂಬರು ನಂದ ಇದ್ದಂಗ ಐತಿ."

ನೆಲ ಬಾಯಿ ಬಿಡಬಾರದೇ ಅನಿಸಿತು. ಕೆಮ್ಮಿದೆ, ಹೆಗಲ ಮೇಲಿನ ಟವೆಲು ಸರಿ ಮಾಡಿಕೊಂಡೆ, ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದೆ.

"ಇರ್ಲಿ. ಚಹಾ ಆರಾಕತ್ತೈತಿ, ಕುಡೀರಿ" ಅಂದು ಅವರು ಮುಂದಕ್ಕೆ ಹೋದರು. ಬೈದಿದ್ದರೆ ನಾನೂ ಒಂದು ಅಂದು ಸಮ ಮಾಡಿಕೊಳ್ಳುತ್ತಿದ್ದೆ.

ಕೆಲಸದ ಕ್ರಮ ಹೀಗಿತ್ತು, ಬೇರೆಯವರಿಗೂ ಬೇಕಾಗಬಹುದು ಅಂತ ಬರೆಯುತ್ತೇನೆ. ಮೊದಲು ಫೋನಿನ ಸೆಟ್ಟಿಂಗಿಗೆ ಹೋಗಿ, ಆ ಆ್ಯಪಿಗೆ ಕೊಟ್ಟಿದ್ದ ಸಂಪರ್ಕಗಳ ಅನುಮತಿ ತೆಗೆಯಬೇಕು. ನಾವು ಎಲ್ಲಿದ್ದೇವೆ ಎಂದು ನೋಡುವ ಅನುಮತಿಯನ್ನೂ ತೆಗೆಯಬೇಕು. ಆಮೇಲೆ ಆ್ಯಪಿನ ಒಳಗೆ ಹೋಗಿ ಸಂಪರ್ಕಗಳನ್ನು ತಾನಾಗಿಯೇ ಕಳಿಸುತ್ತಿರುವ ಗುಂಡಿಯನ್ನು ಬಂದ್ ಮಾಡಬೇಕು. ಕೊನೆಗೆ ಕಳಿಸಿದ ಪಟ್ಟಿಯನ್ನು ಅಳಿಸಬೇಕು. ಇದನ್ನು ತಲೆಕೆಳಗಾಗಿ ಮಾಡಿದರೆ, ಅಳಿಸಿದ್ದು ತಿರುಗಿ ಹೋಗಿ ಕೂರುತ್ತದೆ. ನಾವು ಬೇರೆ ಆ್ಯಪುಗಳಲ್ಲಿ, ಅಂಗಡಿಗಳ ಪುಟಗಳಲ್ಲಿ ಏನು ನೋಡುತ್ತೇವೆ ಎನ್ನುವುದೂ ಆ ಕಂಪನಿಗೆ ಹೋಗುತ್ತಿತ್ತಂತೆ, ಅದಕ್ಕೂ ಒಂದು ಗುಂಡಿ ಇತ್ತು. ಅದನ್ನೂ ಬಂದ್ ಮಾಡಿದರು. "ಇಷ್ಟು ಮಾಡಿದ್ರೂ ಈಗಾಗ್ಲೇ ಒಬ್ರನ್ನೊಬ್ರು ಕಂಡವರು ಕಂಡ್ರು. ಅದನ್ನ ಅಳಸಾಕ ಗುಂಡಿ ಇಲ್ರಿ" ಅಂದರು.

ಅವರ ಪದ್ಧತಿಯನ್ನು ನಾನು ಕೇಳಲಿಲ್ಲ, ಕೇಳುವ ಮೋರೆಯೂ ಉಳಿದಿರಲಿಲ್ಲ. ಅವರೇ ತೋರಿಸಿದರು. ಕೆಲಸದ ನಂಬರುಗಳೆಲ್ಲ ಒಂದು ಹಳೆಯ ಬಟನ್ ಫೋನಿನಲ್ಲಿ. ಅದರಲ್ಲೂ ಹೆಸರಿಲ್ಲ, 'ಕ 41', 'ವ 17' ಅಂತ ಬರೀ ಗುರುತು. ಆ ಗುರುತು ಯಾರದು, ಯಾರು ಯಾರನ್ನು ನೋಡಿ ಬಂದರು, ಎಲ್ಲ ಒಂದು ದಪ್ಪ ವಹಿಯಲ್ಲಿ, ವಹಿ ಟ್ರಂಕಿನಲ್ಲಿ. ವಿಡಿಯೊ ಹಾಕುವ ದೊಡ್ಡ ಫೋನಿನಲ್ಲಿ ಒಂದೇ ಒಂದು ಮನೆಯ ನಂಬರೂ ಇರಲಿಲ್ಲ. ನಾನು ಯಾವ ಫೋನನ್ನು ನೋಡಿ ಇಷ್ಟು ದಿನ ಉರಿದುಕೊಂಡಿದ್ದೆನೋ ಅದು ಖಾಲಿ ಇತ್ತು.

ಹೊರಡುವಾಗ ಧನ್ಯವಾದ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಕೂತೆ. ಅಕ್ಕಾರ ಪುಟಕ್ಕೆ ಇವತ್ತು ಎಷ್ಟು ಮಂದಿ ಸೇರಿದ್ದಾರೆ ನೋಡೋಣ ಅನ್ನುವ ಚಪಲ. ಆ್ಯಪು ತೆರೆದೆ. ತೆರೆದ ಕೂಡಲೇ ಅದು, ಪರಿಚಿತರನ್ನು ಹುಡುಕಲೇ, ಅಂತ ಮತ್ತೆ ಕೇಳಿತು. ಹೆಬ್ಬೆರಳು ರೂಢಿಯ ಮೇಲೆ ಅನುಮತಿಸಿ ಅಂತ ಒತ್ತಿಬಿಟ್ಟಿತು. ಬಂಕಾಪುರ ದಾಟುವಷ್ಟರಲ್ಲಿ ಇಡೀ ಪಟ್ಟಿ ತಿರುಗಿ ಹೋಗಿ ಕೂತಿತ್ತು. ಹಣೆ ಬಡಿದುಕೊಂಡೆ. ಪಕ್ಕದಲ್ಲಿ ಕೂತಿದ್ದ ಮುದುಕ, "ಯಾಕ್ರಿ, ಏನಾತು, ಯಾರರ ತೀರಿಕೊಂಡ್ರೇನು?" ಅಂದ. ಅಕ್ಕಾರಿಗೇ ಫೋನು ಮಾಡಿ, ಅವರು ಒಂದೊಂದೇ ಹೇಳಿದ ಹಾಗೆ ಮೊದಲಿನಿಂದ ಎಲ್ಲ ಮಾಡಬೇಕಾಯಿತು. ಯಾಕೆ ತೆರೆದಿರಿ ಅಂತ ಅವರು ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೂ ನನಗೆ ಸಿಟ್ಟು ಬಂತು.

ಪಟ್ಟಿ ಹೋಯಿತು. ಹುಡುಗಿಗೆ ಹೊಸ ಮುಖಗಳು ಬರುವುದು ನಿಂತಿತು. ಆದರೆ ಹಿರೇಕೆರೂರಿನಲ್ಲಿ ಹುಡುಗಿಯ ಹೆಸರಿಗೆ ಹತ್ತಿದ ಕಲೆ ಹಾಗೇ ಇತ್ತು. ವರನ ತಂದೆ ಆ ವಾರದ ಕೊನೆಯ ತನಕ ಗಡುವು ಕೊಟ್ಟಿದ್ದರು. ನನಗೆ ಎರಡು ದಾರಿ ಕಂಡವು. ಗೊಟಗೋಡಿಯ ಹುಡುಗನೇ ಕಿಡಿಗೇಡಿ ಅಂತ ಅವನ ತಲೆಗೆ ಕಟ್ಟುವುದು ಸುಲಭವಾದದ್ದು. ಪಾಪ, ಮಾತು ಕಡಿಮೆಯವನು, ಎದುರು ಬರುವವನೂ ಅಲ್ಲ. ನಿಜ ಹೇಳುತ್ತೇನೆ, ಒಂದು ರಾತ್ರಿ ಪೂರ್ತಿ ಆ ಕಡೆಗೇ ವಾಲಿದ್ದೆ. ಖರೆ ಹೇಳಿದರೆ 'ನೀವೇ ಮೊದಲು' ಅನ್ನುವ ನನ್ನ ಸುಳ್ಳೂ ಹೊರಗೆ ಬರುತ್ತದೆ. ಆಮೇಲೆ ನಾಲ್ಕು ತಾಲೂಕಿನಲ್ಲಿ ಯಾರು ನನ್ನನ್ನು ಒಳಗೆ ಕರೆಯುತ್ತಾರೆ? ಎಲ್ಲರೂ ಹಾನಗಲ್ಲಿಗೇ ಹೋಗುತ್ತಾರೆ.

ಬೆಳಿಗ್ಗೆ ಹುಡುಗಿಯ ತಂದೆ ಫೋನು ಮಾಡಿದರು. "ಆಕಿ ಫೋನು ಕೊಡಂಗಿಲ್ಲ ಅಂತಾಳ. ಉಂಗುರ ತಗದು ದೇವರ ಮುಂದ ಇಟ್ಟಾಳ. ನಮ್ಮ ಓಣ್ಯಾಗ ಮಂದಿ ಈಗಾಗ್ಲೇ ಏನೇನೋ ಅನ್ನಾಕತ್ತಾರ್ರಿ. ನಾಳೆ ಈಕಿಗೆ ಇನ್ನೊಂದು ವರಾ ಬರ್ತೈತೇನ್ರಿ?" ನಾನು ಆಗಲೇ ಎದ್ದು ಅಂಗಿ ಹಾಕಿಕೊಂಡೆ.

ಹಾವೇರಿಯಲ್ಲಿ ಬಸ್ಸು ಬದಲಿಸುವಾಗ ಹುಡುಗಿಗೆ ಫೋನು ಮಾಡಿದೆ. ಒಂದು ಮಾತು ಕೇಳದೆ ಹೋಗಬಾರದು ಅನಿಸಿತ್ತು. "ಯವ್ವಾ, ನಿನಗಿಂತ ಮೊದಲು... ಅಲ್ಲ, ಅವರಿಗಿಂತ ಮೊದಲು ಮೂರು ಕಡೆಯವರು ಬಂದಿದ್ರು ಅಂತ ಅಲ್ಲಿ ಹೇಳಬೇಕಾಕ್ಕೈತಿ. ಹೇಳ್ಲೇನವಾ?"

ಹಿಂದೆ ಶಾಲೆಯ ಗದ್ದಲ ಕೇಳುತ್ತಿತ್ತು. "ಹೇಳ್ರಿ ಕಾಕಾರ. ಬಂದು ನೋಡಿ ಹೋದದ್ದು ನನ್ನ ತಪ್ಪಲ್ಲ. ಯಾಕ ಆಗ್ಲಿಲ್ಲ ಅನ್ನೂದು ಮಾತ್ರ ಹೇಳಬ್ಯಾಡ್ರಿ. ಅದು ಅವರವರ ಮನೀದು" ಅಂದಳು.

ಹಿರೇಕೆರೂರಿನಲ್ಲಿ ಅವತ್ತು ಸಂತೆ. ಬಸ್ಸಿನಿಂದ ಇಳಿದು ಮೆಕ್ಕೆಜೋಳದ ಚೀಲಗಳ ನಡುವೆ ದಾರಿ ಮಾಡಿಕೊಂಡು ಹೋದೆ. ವರನ ತಂದೆ, ವರ, ಅವನ ತಂಗಿ ಮೂವರೂ ಮನೆಯಲ್ಲಿದ್ದರು. ನೀರು ಕೊಟ್ಟರು, ಚಹಾ ಕೊಡಲಿಲ್ಲ. ನಿಂತುಕೊಂಡೇ ಹೇಳಿದೆ. ಗೊಟಗೋಡಿ ಹುಡುಗನದೂ ತಪ್ಪಿಲ್ಲ, ಹುಡುಗಿಯದೂ ತಪ್ಪಿಲ್ಲ, ಅವರನ್ನು ಕೂಡಿಸಿದ್ದು ನನ್ನ ಫೋನು ಅಂದೆ. ಮಂದಿ ನನ್ನ ಹಿಂದೆ ಬರಲಿ ಅನ್ನುವ ಆಸೆಗೆ ಎಲ್ಲರ ನಂಬರು ಆ ಕಂಪನಿಗೆ ಕೊಟ್ಟೆ ಅಂದೆ. ನೀವೇ ಮೊದಲನೆಯವರು ಅಂದದ್ದು ಸುಳ್ಳು, ನಿಮಗಿಂತ ಮೊದಲು ಮೂರು ಕಡೆಯವರನ್ನು ನಾನೇ ಕರೆದುಕೊಂಡು ಹೋಗಿದ್ದೆ ಅಂದೆ. ಹಾನಗಲ್ ಅಕ್ಕಾರ ಮೇಲೆ ಹಾಕಿದ್ದೂ ಸುಳ್ಳು ಅಂದೆ, ಅದನ್ನು ಅವರು ಕೇಳಿರಲಿಲ್ಲವಾದರೂ.

ವರನ ತಂದೆ ಮಗಳ ಕಡೆ ಒಮ್ಮೆ ನೋಡಿದರು. "ಆತು, ನಿಮ್ಮ ಮಾತು ನಂಬೂಣು. ಆದ್ರೂ ಒಮ್ಮೆ ಫೋನು ತೋರಿಸಿಬಿಡ್ಲಿ. ನಮ್ಮ ಮಗಳ ಸಮಾಧಾನಕ್ಕ."

ತಂಗಿ ತಲೆಯಾಡಿಸಿದಳು. "ಮುಚ್ಚಿಡೂದು ಏನೂ ಇಲ್ಲಾಂದ್ರ ತೋರಸಾಕ ಏನ್ರೀ?"

ಆಗ ನಾನು ಮಾಡಿದ್ದಕ್ಕೆ ಮೊದಲೇ ಯೋಚನೆ ಇರಲಿಲ್ಲ. ನನ್ನ ಫೋನು ತೆಗೆದು, ಅವರ ಮನೆಯ ನಂಬರಿನ ಸಾಲನ್ನು ಮಾತ್ರ ತೆರೆದು ಆ ತಂಗಿಯ ಕೈಗೆ ಕೊಟ್ಟೆ. "ನಿಮ್ಮದ ಐತವಾ. ಓದ್ರಿ."

ಅವಳು ದೊಡ್ಡ ದನಿಯಲ್ಲೇ ಓದಿದಳು. "ವರ ಹಿರೇಕೆರೂರ ದಲಾಲಿ ಅಂಗಡಿ, ಐದು ಕನ್ಯಾ ಒಲ್ಲೆ ಅಂದಾವ, ತಂಗಿ ಬಾಯಿ..." ಅಷ್ಟಕ್ಕೆ ನಿಂತಳು. ಮುಖ ಕೆಂಪಗಾಯಿತು. "ಸವಣೂರಿನ್ಯಾಗೂ ನಾ ಹಂಗ ಹೇಳೀನ್ರಿ. ಅವರು ನೋಡೂ ಮೊದಲನೇ ಕನ್ಯಾ ನಿಮ್ಮ ಮಗಳ ಅಂತ. ಅವರು ನಿಮ್ಮ ಫೋನು ಕೇಳಿಲ್ರಿ" ಅಂದೆ. ಇವತ್ತು ಹೊಡೆತ ತಿನ್ನುವುದು ಖಂಡಿತ ಅಂತ ಬಾಗಿಲು ಎಷ್ಟು ದೂರ ಇದೆ ನೋಡಿಕೊಂಡೆ.

ಅಲ್ಲಿಯ ತನಕ ಒಂದು ಮಾತೂ ಆಡದಿದ್ದ ವರ ಎದ್ದು ಬಂದು ತಂಗಿಯ ಕೈಯಿಂದ ಫೋನು ತೆಗೆದುಕೊಂಡು ಓದಿದ. "ಐದಲ್ರಿ. ಆರು" ಅಂದ. ಆಮೇಲೆ ತಂದೆಯ ಕಡೆ ನೋಡಿ, "ಆಕಿ ಫೋನು ಯಾರೂ ಕೇಳಬ್ಯಾಡ್ರಪ್ಪ. ಇಷ್ಟು ದಿನಾ ಕೇಳಾಕ ಬಿಟ್ಟದ್ದ ನಂದು ತಪ್ಪಾತು" ಅಂದ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಚಹಾ ಬಂತು.

ಸವಣೂರಿಗೆ ಬಂದು ಹೇಳಿದಾಗ ಹುಡುಗಿಯ ತಂದೆ ನನ್ನ ಎರಡೂ ಕೈ ಹಿಡಿದುಕೊಂಡರು. ಹುಡುಗಿ ಮಾತ್ರ ಉಂಗುರದ ಕಡೆ ಹೋಗಲಿಲ್ಲ. "ಅವರು ಈಗ ಅಂದಾರ, ಚಲೋ ಆತು. ಆದ್ರ ಇಷ್ಟು ದಿನಾ ಸುಮ್ಮನಿದ್ರಲ್ರಿ. ಅದನ್ನ ನಾನು ಅವರನ್ನ ಕೇಳಬೇಕು. ಹಾಕೋಬೇಕೋ ಬ್ಯಾಡೋ ಆಮ್ಯಾಲೆ ನೋಡ್ತೇನಿ. ಇನ್ನ ಮ್ಯಾಲೆ ನಾವಿಬ್ರ ಮಾತಾಡ್ತೇವಿ ಕಾಕಾರ. ನೀವು ನಡುವ ಬ್ಯಾಡ" ಅಂದಳು. ಸಿಟ್ಟಿನಿಂದ ಅನ್ನಲಿಲ್ಲ. ಆದರೂ ನಡುವೆ ನಿಲ್ಲುವುದೇ ನನ್ನ ಉದ್ಯೋಗ, ಅಲ್ಲಿಂದಲೇ ನನ್ನನ್ನು ಎಬ್ಬಿಸಿದ ಹಾಗಾಯಿತು. ಅವಳ ಎದುರಿಗೇ ಅವಳ ಸಾಲನ್ನು ಫೋನಿನಿಂದ ಅಳಿಸಿದೆ. ಅಳಿಸಿತೋ ಇಲ್ಲವೋ ಅಂತ ಅವಳು ಎರಡು ಸಲ ನೋಡಿದಳು.

ಆಮೇಲೆ ಎರಡು ತಿಂಗಳು ಆ ಮನೆಯಿಂದ ಫೋನಿಲ್ಲ. ನಾನೂ ಮಾಡಲಿಲ್ಲ, ನಂಬರೇ ಇರಲಿಲ್ಲ. ನಾನೂ ಒಂದು ಬಟನ್ ಫೋನು ಕೊಂಡು ಹೆಸರುಗಳನ್ನೆಲ್ಲ ವಹಿಗೆ ಇಳಿಸುತ್ತ ಕೂತಿದ್ದೆ. ಹಾಗೆ ಕೂತಿದ್ದ ಒಂದು ಮಧ್ಯಾಹ್ನ ಬಾಗಿಲಲ್ಲಿ ಅಕ್ಕಾರು ನಿಂತಿದ್ದರು, ಕೈಯಲ್ಲಿ ಲಗ್ನಪತ್ರಿಕೆ. ಸವಣೂರಿನ ಕನ್ಯೆ, ಹಿರೇಕೆರೂರಿನ ವರ.

"ಈ ಕಡೆ ಬರೋದಿತ್ತು. ಹುಡುಗಿ ನನ್ನ ಕೈಯಾಗ ಕೊಟ್ಟು ಕಳಿಸ್ಯಾಳ. ತಪ್ಪದ ಬರಬೇಕಂತ್ರಿ" ಅಂದರು.

ಸಂತೋಷ ಆಯಿತು, ಖರೆ. ಆದರೆ ಅದಕ್ಕಿಂತ ಮೊದಲು ಹೊಟ್ಟೆಯಲ್ಲಿ ಬೆಂಕಿ ಬಿತ್ತು. ನಾನು ಕೂಡಿಸಿದ ಸಂಬಂಧ! ನನ್ನ ಮನೆಗೇ ಪತ್ರಿಕೆ ಇವರ ಕೈಯಲ್ಲಿ! "ನಿಮಗ ಹೆಂಗ ಸಿಕ್ಳು ಆಕಿ?" ಅಂತ ಕೇಳಿಯೇಬಿಟ್ಟೆ.

"ತನ್ನ ಫೋನಿನ ಸೆಟ್ಟಿಂಗ್ ನೋಡಸಾಕ ಬಂದಿದ್ಲರಿ. ಆಮ್ಯಾಲೆ ನಾಲ್ಕೈದು ಸಲ ಬಂದ್ಲು. ಕುಂತು ಮಾತಾಡಿ ಹೋಗ್ತಿದ್ಲು."

ನಾಲ್ಕೈದು ಸಲ! ಉಂಗುರ ಹಾಕಿಕೊಳ್ಳಬೇಕೋ ಬೇಡವೋ ಅಂತ ಅವಳು ತೂಗಿ ನೋಡುತ್ತಿದ್ದ ಎರಡು ತಿಂಗಳು ಅದು. ಆ ಹೊತ್ತಿನಲ್ಲಿ ನನ್ನ ಹತ್ತಿರ ಬರದೆ ಇವರ ಹತ್ತಿರ ಹೋಗಿದ್ದಳು. ಪತ್ರಿಕೆಯ ಮೇಲಿನ ಅರಿಸಿನ ಕುಂಕುಮ ನೋಡುತ್ತ, ಆದಷ್ಟು ಬೇಫಿಕೀರ್ ದನಿಯ‌ಲ್ಲಿ ಕೇಳಿದೆ. "ನನ್ನ ಬಗ್ಗೆ ಏನರ ಅಂದ್ಲೇನ್ರಿ?"

ಅಕ್ಕಾರು ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ಅಂದಾಳ್ರಿ ಅಣ್ಣಾರ. ಆದ್ರ ಅದನ್ನ ನಾ ನಿಮಗ ಹೇಳಂಗಿಲ್ಲ."